ಅತ್ತೆಯ ಕೈತುತ್ತು

ನಮ್ಮ ಬಾತ್‌ರೂಮಿನ ಚಿಲಕ ಬಿಚ್ಚಿಸಿದ ದಿನ ನಾನು ಬ್ಯಾಂಕಿನಲ್ಲಿದ್ದೆ. ಸಂಜೆ ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿಗೆ ಬಂದು ಮುಖ ತೊಳೆಯಲು ಹೋದರೆ ಬಾಗಿಲು ಹಾಕಿಕೊಳ್ಳಲು ಆಗಲಿಲ್ಲ. ಚಿಲಕ ಇದ್ದ ಜಾಗದಲ್ಲಿ ನಾಲ್ಕು ತೂತುಗಳಿದ್ದವು. ಬಡಗಿಯನ್ನು ಕರೆಸಿ ಎರಡೂ ಬಾತ್‌ರೂಮಿನದನ್ನು, ಅಶ್ವಿತಾಳ ಕೋಣೆಯದನ್ನು ತೆಗೆಸಿದ್ದಾಗಿದೆ, ಇನ್ನು ಒಳಗೆ ಹೋದವರು ಒಂದು ಹಾಡು ಹೇಳಿಕೊಂಡರೆ ಸಾಕು ಎಂದು ಅತ್ತೆ ಚಂದ್ರಾವತಿ ಅಡುಗೆಮನೆಯಿಂದಲೇ ಕೂಗಿ ಹೇಳಿದರು. ಮೂವತ್ತೊಂದು ವರ್ಷದ, ಹನ್ನೆರಡು ಜನರ ಕೈಲಿ ಮೇಡಂ ಅನ್ನಿಸಿಕೊಳ್ಳುವ ನಾನು ಅಂದಿನಿಂದ ನೀರು ತುಂಬಿದ ಬಕೆಟ್ಟನ್ನು ಬಾಗಿಲಿಗೆ ಅಡ್ಡ ಇಟ್ಟುಕೊಂಡು ಸ್ನಾನ ಮಾಡತೊಡಗಿದೆ.

ಅಶ್ವಿತಾ ನನ್ನ ಗಂಡ ಅನುರಾಗನ ತಂಗಿ. ಇಪ್ಪತ್ತಮೂರು ವರ್ಷ. ತಿರುವನಂತಪುರದಲ್ಲಿ ಲಾ ಓದುತ್ತಿದ್ದಳು, ಕೊನೆಯ ವರ್ಷ. ಸೆಪ್ಟೆಂಬರ್ ಮೊದಲ ವಾರ ಹಾಸ್ಟೆಲಿನಿಂದ ಫೋನ್ ಬಂತು. ಹುಡುಗಿ ಒಂಬತ್ತು ದಿನಗಳಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ತಲೆ ಬಾಚಿಲ್ಲ, ಯಾರ ಜೊತೆಗೂ ಮಾತಿಲ್ಲ. ಮಾವ ಯಜ್ಞನಾರಾಯಣರು ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಆಫೀಸಿಗೆ ರಜೆ ಹಾಕಿ ಹೋಗಿ, ಅಲ್ಲೇ ಡಾಕ್ಟರಿಗೆ ತೋರಿಸಿ ಕರೆತಂದರು. ಖಿನ್ನತೆ ಎಂದಿದ್ದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, ನಿರ್ಮಲ ಎಂಬ ಮನಶ್ಶಾಸ್ತ್ರಜ್ಞೆಯ ಜೊತೆ ವಾರಕ್ಕೊಮ್ಮೆ ಮಾತಾಡಬೇಕು ಎಂದಿದ್ದರು. ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಅವಳಿಗಿಲ್ಲ, ಕಾವಲು ಕಾಯಬೇಡಿ, ಅವಳ ಕೆಲಸ ಅವಳೇ ಮಾಡಿಕೊಳ್ಳಲಿ ಎಂದೂ ಬಿಡಿಸಿ ಹೇಳಿದ್ದರು. ನವೆಂಬರ್ ಇಪ್ಪತ್ತರೊಳಗೆ ಕಾಲೇಜಿಗೆ ಹಿಂತಿರುಗಿದರೆ ವರ್ಷ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟನ್ನೂ ಮಾವ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು ಫ್ರಿಜ್ಜಿನ ಮೇಲೆ ಅಂಟಿಸಿದರು. ಅತ್ತೆ ಅದನ್ನು ಓದಿ, ಮರುದಿನವೇ ಬಡಗಿಯನ್ನು ಕರೆಸಿದರು.

ಆಮೇಲೆ ಶುರುವಾದದ್ದು ಊಟ. ಕುಚ್ಚಿಲಕ್ಕಿ ಅನ್ನಕ್ಕೆ ಸಾರು, ತುಪ್ಪ ಹಾಕಿ ಅತ್ತೆ ಐದೂ ಬೆರಳಿನಿಂದ ಕಲಸುತ್ತಿದ್ದರು, ಹಿಸುಕುತ್ತಿದ್ದರು, ಮತ್ತೆ ಕಲಸುತ್ತಿದ್ದರು. ಉಂಡೆ ಕಟ್ಟಿ ಮಗಳ ಬಾಯಿಯ ಹತ್ತಿರ ಹಿಡಿದು, ಅವಳು ಬಾಯಿ ತೆರೆಯುವವರೆಗೆ ತಾವೂ ಬಾಯಿ ತೆರೆದು ಕೂರುತ್ತಿದ್ದರು. ತುಟಿಯ ಮೇಲೆ ಉಳಿದ ಅಗುಳನ್ನು ಹೆಬ್ಬೆರಳಿನಿಂದ ಒಳಗೆ ತಳ್ಳುತ್ತಿದ್ದರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮೂರು ಹೊತ್ತು. ಮಾತ್ರೆ ನುಂಗಿದ ಮೇಲೆ ನಾಲಗೆ ಎತ್ತಿಸಿ ನೋಡುತ್ತಿದ್ದರು. ಒಂದೇ ಮಂಚದಲ್ಲಿ ಮಲಗಿ ಅವಳ ಹೊಟ್ಟೆಯ ಮೇಲೆ ಕೈ ಹಾಕಿಕೊಳ್ಳುತ್ತಿದ್ದರು. ಹೇಳಬಾರದು, ಆದರೂ ಹೇಳುತ್ತೇನೆ. ಮಗಳಿಗೆ ಕಾಯಿಲೆ ಬಂದ ಮೇಲೆ ಅತ್ತೆಗೆ ಆರೋಗ್ಯ ಬಂತು. ಮಂಡಿನೋವು ಹೋಯಿತು, ಮಧ್ಯಾಹ್ನದ ನಿದ್ದೆ ಬೇಡವಾಯಿತು, ಮುಖಕ್ಕೆ ಒಂದು ಕಳೆ ಬಂತು.

ನಾನು ಮೈಸೂರಿನವಳು. ನಮ್ಮಲ್ಲಿ ಹೀಗೆಲ್ಲ ಇಲ್ಲ ಎಂದು ಒಮ್ಮೆ ಅನುರಾಗನ ಹತ್ತಿರ ಅಂದೆ. ಅಮ್ಮಂದಿರು ಎಲ್ಲ ಕಡೆಯೂ ಇದ್ದಾರೆ ಎಂದು ಅವನು ಲ್ಯಾಪ್‌ಟಾಪ್ ತೆರೆದ. ಅವನ ದೊಡ್ಡ ಗುಣವೆಂದರೆ ಜಗಳ ಎಲ್ಲಿ ಹುಟ್ಟುತ್ತದೆಂದು ಮೊದಲೇ ಗೊತ್ತಾಗಿ ಆ ಕೋಣೆಯಿಂದ ಎದ್ದುಹೋಗುವುದು.

ನಿರ್ಮಲ ಮೇಡಂ ಶನಿವಾರ ಹನ್ನೊಂದಕ್ಕೆ ವಿಡಿಯೋದಲ್ಲಿ ಬರುತ್ತಿದ್ದರು. ಅಶ್ವಿತಾ ಕೋಣೆಯ ಬಾಗಿಲು ದೂಡಿ, ಕುರ್ಚಿ ಒತ್ತಿ ಕೂರುತ್ತಿದ್ದಳು. ಮಾತೆಲ್ಲ ಮಲಯಾಳದಲ್ಲಿ. ಅವಳು ಹುಟ್ಟಿದ್ದು ಎರ್ನಾಕುಲಂನಲ್ಲಿ, ಓದಿದ್ದು ಇಲ್ಲಿ, ಗೆಳತಿಯರೆಲ್ಲ ಇಲ್ಲಿಯವರು. ಅವಳ ಕನ್ನಡ ಅಂದರೆ ಊಟ ಆಯ್ತಾ, ಬಟ್ಟೆ ಒಣಗಿತಾ, ಅಜ್ಜಿಗೆ ನಮಸ್ಕಾರ ಮಾಡು, ಇಷ್ಟೇ. ಅತ್ತೆ ಮೂವತ್ತು ವರ್ಷದಿಂದ ಕೊಚ್ಚಿಯಲ್ಲಿದ್ದರೂ ಅವರ ಮಲಯಾಳ ತರಕಾರಿ ಅಂಗಡಿಯಿಂದ ಮುಂದೆ ಹೋಗಿರಲಿಲ್ಲ. ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು, ಏನೂ ತಿಳಿಯುತ್ತಿರಲಿಲ್ಲ. ಒಳಗೆ ಮಗಳು ಅತ್ತರೆ ಇವರೂ ಅಳುತ್ತಿದ್ದರು, ನಕ್ಕರೆ ಮುಖ ಗಂಟಿಕ್ಕುತ್ತಿದ್ದರು. ಮೂರನೆಯ ಶನಿವಾರ ಊಟದ ಮೇಜಿನಲ್ಲಿ ಮಾತು ತೆಗೆದರು.

"ಮನಸ್ಸಿನ ಮಾತು ಹೇಳ್ಲಿಕ್ಕೆ ಮನೆಭಾಷೆ ಬೇಡ್ವಾ? ಆ ಹೆಂಗಸಿಗೆ ನಮ್ಮದು ಎಂತ ಗೊತ್ತುಂಟು?"

ನನಗೆ ಇಂದಿಗೂ ನಾಚಿಕೆಯಾಗುವುದು ಇದಕ್ಕೇ. ಆ ಮಾತಿಗೆ ನಾವೆಲ್ಲರೂ ಹೂಂಗುಟ್ಟಿದೆವು. ಮಾವ ಹೌದೆಂದರು, ಅನುರಾಗ್ ಹೌದೆಂದ. ನಾನಂತೂ ಎದೆಯುಬ್ಬಿಸಿ, ತಾಯಿನುಡಿಯಲ್ಲಿ ಅತ್ತರೆ ಮಾತ್ರ ಅಳು ಎಂದು ಏನೋ ದೊಡ್ಡ ಮಾತಾಡಿದೆ. ಹೊರನಾಡಿನಲ್ಲಿ ಇರುವವರಿಗೆ ಇದೊಂದು ಚಟ. ನಮ್ಮ ಭಾಷೆಯ ಡಾಕ್ಟರ್, ನಮ್ಮ ಭಾಷೆಯ ದರ್ಜಿ, ನಮ್ಮ ಭಾಷೆಯ ಪುರೋಹಿತ. ಅವರು ಕೆಲಸ ಬಲ್ಲವರೋ ಅಲ್ಲವೋ ಎಂದು ಕೇಳುವುದೇ ಇಲ್ಲ. ಅಶ್ವಿತಾ ಮಾತ್ರ 'ವೇಂಡ' ಎಂದಳು. ಬೇಡ ಎಂದು ಮಲಯಾಳದಲ್ಲಿ ಹೇಳಿದ್ದರಿಂದಲೋ ಏನೋ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಂದೇ ಸಂಜೆ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ, ಕನ್ನಡ ಬಲ್ಲ ಕೌನ್ಸೆಲರ್ ಯಾರಾದರೂ ಇದ್ದಾರೆಯೇ ಎಂದು ಕೇಳಿದವಳು ನಾನೇ. ಹತ್ತು ನಿಮಿಷದಲ್ಲಿ ವಾರಿಜಾ ಸಿಕ್ಕಿದರು. ಶನಿವಾರದ ವಿಡಿಯೋ ನಿಂತಿತು.

ವಾರಿಜಾ ಕಾಸರಗೋಡಿನವರು, ನಮ್ಮತ್ತೆಯ ತವರಿನಿಂದ ಆರು ಮೈಲಿ. ಗಂಡ ರತ್ನಾಕರ ಬೇರೊಂದು ಬ್ಯಾಂಕಿನಲ್ಲಿ ಮ್ಯಾನೇಜರ್. ಮಕ್ಕಳು ದೊಡ್ಡವರಾದ ಮೇಲೆ ಅಂಚೆ ಮೂಲಕ ಒಂದು ವರ್ಷದ ಕೋರ್ಸ್ ಮಾಡಿ, ಕೌನ್ಸೆಲರ್ ಎಂದು ಕಾರ್ಡು ಅಚ್ಚು ಹಾಕಿಸಿದ್ದರು. ಬಂದ ಮೊದಲ ದಿನ ಹತ್ತು ನಿಮಿಷದಲ್ಲಿ ಅತ್ತೆಗೂ ಅವರಿಗೂ ಒಬ್ಬರೇ ದೊಡ್ಡಮ್ಮ ಎಂದು ಪತ್ತೆಯಾಯಿತು. ಅಲ್ಲಿಂದ ಅವರು ವಾರಿಜಕ್ಕ, ಇವರು ಚಂದ್ರಕ್ಕ. ಬುಧವಾರ ಮತ್ತು ಭಾನುವಾರ ಬರುವುದು, ಅಶ್ವಿತಾಳ ಮಂಚದ ಮೇಲೆ ಕಾಲು ಮಡಚಿ ಕೂತು ಕನ್ನಡಕ್ಕೆ ಮಲಯಾಳ ಬೆರೆಸಿ ಒಂದು ಗಂಟೆ ಮಾತಾಡಿಸುವುದು, ಹೊರಗೆ ಬಂದು ನಮ್ಮ ಜೊತೆ ನೀರುದೋಸೆ ತಿನ್ನುವುದು. ದುಡ್ಡು ಮುಟ್ಟುತ್ತಿರಲಿಲ್ಲ. ನಮ್ಮ ಹುಡುಗಿ ಎನ್ನುತ್ತಿದ್ದರು.

ದುಡ್ಡು ತೆಗೆದುಕೊಳ್ಳದವರಿಗೆ ಏನನ್ನಾದರೂ ಕೊಡಬೇಕಲ್ಲ. ಅತ್ತೆ ಊಟ ಕೊಟ್ಟರು, ಹಪ್ಪಳ ಕಟ್ಟಿಕೊಟ್ಟರು, ಆಮೇಲೆ ಮನೆಯ ಒಳಗುಟ್ಟುಗಳನ್ನೆಲ್ಲ ಕೊಟ್ಟರು. ಬದಲಿಗೆ ವಾರಿಜಕ್ಕ ಅಶ್ವಿತಾ ಒಳಗೆ ಹೇಳಿದ್ದನ್ನೆಲ್ಲ ಕೊಟ್ಟರು. ಒಂದು ಬುಧವಾರ ಲಿಫ್ಟಿನವರೆಗೆ ಕಳಿಸಲು ಹೋದಾಗ ನಾನೂ ಕೇಳಿದೆ. ಕೇಳಬಾರದೆಂದು ಗೊತ್ತಿತ್ತು, ಆದರೂ ಕೇಳಿದೆ, ನನ್ನ ವಿಷಯ ಏನಾದರೂ ಹೇಳುತ್ತಾಳಾ ಎಂದು. ಇಲ್ಲ ಶಾಲಿನಿ, ನಿನ್ನ ಹೆಸರೇ ಬರಲಿಲ್ಲ ಎಂದರು ವಾರಿಜಕ್ಕ. ನನಗೆ ಬೇಸರವಾಯಿತು. ಒಬ್ಬಳ ನೋವಿನಲ್ಲಿ ನನ್ನ ಪಾಲು ಇಲ್ಲವೆಂದು ಬೇಸರ. ಅತ್ತೆಯನ್ನು ಕಂಡು ಮೂಗು ಮುರಿಯುವ ನಾನೂ ಅದೇ ಮಡಕೆಗೆ ಕೈ ಹಾಕಿದ್ದೆ.

ಅಕ್ಟೋಬರ್ ಮೂರನೆಯ ಭಾನುವಾರ ಅದು ಸ್ಫೋಟವಾಯಿತು. ಅಂದು ವಾರಿಜಕ್ಕ ಒಂದೂವರೆ ಗಂಟೆ ಒಳಗಿದ್ದರು. ಹೊರಗೆ ಬಂದು ದೋಸೆಯನ್ನು ಕಾಯಿಹಾಲಿನಲ್ಲಿ ಅದ್ದುತ್ತಾ, ಸ್ವಲ್ಪ ದಿನ ಕೈತುತ್ತು ಬೇಡ ಚಂದ್ರಕ್ಕ ಎಂದರು. ಯಾಕೆ ಎಂದು ಅತ್ತೆ ಹಿಡಿದುಕೊಂಡರು. ಎರಡು ಸಲ ಬಿಡು ಎಂದವರು ಮೂರನೆಯ ಸಲಕ್ಕೆ ಎಲ್ಲವನ್ನೂ ಹೇಳಿಬಿಟ್ಟರು. ಅಮ್ಮನ ಬೆರಳು ತುಟಿಗೆ ತಾಗಿದರೆ ಹುಡುಗಿಗೆ ವಾಕರಿಕೆ ಬರುತ್ತದಂತೆ. ಅಮ್ಮನ ಕೈ ಕನಸಿನಲ್ಲೂ ಬರುತ್ತದಂತೆ. ಹೇಳಿ ಮುಗಿಸಿ, ಇದನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಅತ್ತೆಯ ಬೆನ್ನು ಸವರಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಅತ್ತೆ ಎದ್ದು ಸಿಂಕಿನ ಬಳಿ ಹೋಗಿ ಸೋಪು ಹಚ್ಚಿ ಕೈ ತೊಳೆದರು. ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದರು. ಕೈ ಕೆಂಪಾಗಿತ್ತು. ಆ ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ಮೊದಲು ಪೇಪರ್ ಓದುತ್ತಿದ್ದ ಮಾವನ ಮುಂದೆ, ಆಮೇಲೆ ಅನುರಾಗನ ಮುಂದೆ, ಆಮೇಲೆ ನನ್ನ ಮುಂದೆ ಬಂದು ನಿಂತರು. ಮೂಸಿ ನೋಡಿ ಎಂದರು. ಎಂತ ವಾಸನೆ ಉಂಟು ಹೇಳಿ ಎಂದರು. ಅನುರಾಗ್ ನಿಜವಾಗಿಯೂ ಮೂಸಿದ. ಏನೂ ಇಲ್ಲಮ್ಮ ಎಂದ. ಹೇಸಿಗೆಯಿಂದ ನಾನು ಗೋಡೆಯ ಕಡೆ ತಿರುಗಿದೆ.

ಅಷ್ಟರಲ್ಲಿ ಅಶ್ವಿತಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಯಾರು ಏನು ಹೇಳಿದರೆಂದು ಅವಳಿಗೆ ಹೇಳಬೇಕಾಗಿರಲಿಲ್ಲ.

"ಬಾ, ಕೂತುಕೋ," ಎಂದರು ಅತ್ತೆ. "ನಾನು ಎಂತ ವಿಷ ಹಾಕ್ತೇನಾ ನೋಡುವ."

ಅವಳು ಬಂದು ಕೂತಳು. ಅತ್ತೆ ಅಳುತ್ತಳುತ್ತಲೇ ಅನ್ನ ಕಲಸಿದರು. ಮೂಗಿನ ನೀರನ್ನು ತೋಳಿಗೆ ಒರೆಸಿಕೊಂಡು ಮತ್ತೆ ಕಲಸಿದರು. ಅಶ್ವಿತಾ ತಟ್ಟೆ ಖಾಲಿಯಾಗುವವರೆಗೆ, ಒಂದು ಅಗುಳನ್ನೂ ಬಿಡದೆ ಬಾಯಿ ತೆರೆದು ತಿಂದಳು. ಆಮೇಲೆ ಬಾತ್‌ರೂಮಿಗೆ ಓಡಿದಳು. ಬಾಗಿಲಿಗೆ ಚಿಲಕವಿರಲಿಲ್ಲ. ಅವಳು ವಾಂತಿ ಮಾಡುವಾಗ ಅತ್ತೆ ಹಿಂದಿನಿಂದ ಹೋಗಿ ಅವಳ ಹಣೆ ಹಿಡಿದುಕೊಂಡು, ಪಾಪ ನನ್ನ ಮಗು, ಪಾಪ ನನ್ನ ಮಗು ಎನ್ನುತ್ತಿದ್ದರು. ನಾವು ಮೂವರು ಹಾಲಿನಲ್ಲಿ ಕೂತು ಅದನ್ನು ಕೇಳಿದೆವು. ಮಾವ ಪೇಪರಿನ ಪುಟ ತಿರುವಿದರು.

ಆ ದಿನದಿಂದ ಅಶ್ವಿತಾ ವಾರಿಜಕ್ಕನ ಜೊತೆ ಮಾತು ನಿಲ್ಲಿಸಿದಳು. ಅವರು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ವಾರಿಜಕ್ಕ ಬರುವುದನ್ನು ನಿಲ್ಲಿಸಲಿಲ್ಲ. ಈಗ ಚಂದ್ರಕ್ಕನಿಗೂ ಸಾಂತ್ವನ ಬೇಕಿತ್ತಲ್ಲ, ಆ ಒಂದು ಗಂಟೆ ಅಡುಗೆಮನೆಗೆ ಬದಲಾಯಿತು.

ನವೆಂಬರ್ ಮೊದಲ ವಾರ ರಾಜ್ಯೋತ್ಸವದ ಊಟವಿತ್ತು. ಬಾಡಿಗೆ ಹಾಲಿನಲ್ಲಿ ನೂರಿಪ್ಪತ್ತು ಜನ, ಬಾಳೆಎಲೆ, ಪಾಯಸ. ನಾನು ಕೈ ತೊಳೆಯಲು ಸಾಲಿನಲ್ಲಿ ನಿಂತಿದ್ದಾಗ, ಹಿಂದೆಂದೂ ಕಂಡಿರದ ಒಬ್ಬ ಹೆಂಗಸು ನನ್ನ ಮೊಣಕೈ ಹಿಡಿದು, ನೀವು ಚಂದ್ರಾವತಿಯವರ ಸೊಸೆ ಅಲ್ವಾ ಎಂದರು. ಹೌದೆಂದೆ. ಪಾಪ, ನಿಮ್ಮ ನಾದಿನಿ ಈಗ ತನ್ನ ಕೈಯಿಂದ ಊಟ ಮಾಡ್ತಾಳಾ, ಅಮ್ಮನ ಕೈ ಕಂಡರೆ ವಾಂತಿ ಬರುವುದು ನಿಂತಿತಾ ಎಂದು ಕೇಳಿದರು. ದನಿಯಲ್ಲಿ ಎಷ್ಟು ಕರುಣೆ ಇತ್ತೆಂದರೆ ನಾನು ಕೈ ತೊಳೆಯದೆಯೇ ಸಾಲು ಬಿಟ್ಟೆ. ಆಚೆ ಕಡೆ ವಾರಿಜಕ್ಕ ಗಂಡ ರತ್ನಾಕರರ ಎಲೆಗೆ ಉಪ್ಪಿನಕಾಯಿ ಬಡಿಸುತ್ತಾ ನಗುತ್ತಿದ್ದರು. ನನ್ನ ನಾದಿನಿಯ ವಾಕರಿಕೆ ಆ ಹಾಲಿನ ನೂರಿಪ್ಪತ್ತು ಎಲೆಗಳಿಗೂ ಬಡಿಸಿಯಾಗಿತ್ತು.

ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಎಲ್ಲರ ಮುಂದೆ ಹೇಳಿದೆ. ಅತ್ತೆ ಮೊದಲು ನಂಬಲಿಲ್ಲ. ಆಮೇಲೆ, ನಮ್ಮವರಿಗೆ ಅಲ್ವಾ ಗೊತ್ತಾದದ್ದು, ಹೊರಗಿನವರಿಗೆ ಅಲ್ಲವಲ್ಲ, ಅವರೂ ನಾಲ್ಕು ಜನ ದೇವರ ಹತ್ತಿರ ಕೇಳಿಕೊಂಡರೆ ಒಳ್ಳೆಯದೇ ಎಂದರು. ನನಗೆ ಮೈ ಉರಿದುಹೋಯಿತು. ಚಿಲಕ ತೆಗೆದದ್ದು ಬಾತ್‌ರೂಮಿನದ್ದು ಮಾತ್ರವಲ್ಲ ಅತ್ತೆ, ಅವಳ ಬಾಯಿಯದ್ದು, ಹೊಟ್ಟೆಯದ್ದು, ಎಲ್ಲದ್ದನ್ನೂ ತೆಗೆದಿರಿ ಎಂದೆ. ಹೆಚ್ಚು ಮಾತಾಡಬೇಡ ಎಂದ ಅನುರಾಗ್. ನಾನು ಹೆಚ್ಚೇ ಮಾತಾಡಿದೆ.

ಮಾವ ಎದ್ದುಹೋಗಿ ಫ್ರಿಜ್ಜಿನ ಮೇಲಿನ ಚೀಟಿ ಕಿತ್ತುಕೊಂಡು ಬಂದರು. ಕನ್ನಡಕ ಹಾಕಿಕೊಂಡು ಓದಿದರು. ಮಗಳ ಕೋಣೆಯ ಬಾಗಿಲಿಗೆ ಹೋಗಿ ನಿಂತು ಕೇಳಿದರು.

"ನಿನಗೆ ಎಂತ ಬೇಕು ಅಶ್ವಿ?"

"ಎನಿಕ್ಕ್ ಪೋಣಂ ಅಪ್ಪ," ಎಂದಳು ಅವಳು.

"ಹೋಗು," ಎಂದರು ಮಾವ. ಎರಡು ತಿಂಗಳಲ್ಲಿ ಆ ಮನೆಯವರಲ್ಲಿ ಯಾರಾದರೂ ಅವಳ ಮಾತನ್ನು ಅವಳ ಭಾಷೆಯಲ್ಲಿಯೇ ಕೇಳಿಸಿಕೊಂಡದ್ದು ಅದೇ ಮೊದಲು.

ನವೆಂಬರ್ ಹದಿನೆಂಟಕ್ಕೆ ಅಶ್ವಿತಾ ತಿರುವನಂತಪುರಕ್ಕೆ ಹೊರಟಳು. ಕೋಣೆ ಹೊಂದಿಸಿಕೊಡಲು ಎರಡು ದಿನ ಎಂದು ಅತ್ತೆ ಜೊತೆಗೆ ಹೋದರು. ನಿರ್ಮಲ ಮೇಡಂಗೆಂದು ಕೆಸುವಿನೆಲೆಯ ಪತ್ರೊಡೆ ಮಾಡಿ ಡಬ್ಬಿಗೆ ತುಂಬಿಕೊಂಡಿದ್ದರು. ಮೇಡಂ ಅದನ್ನು ತೆಗೆದುಕೊಳ್ಳಲಿಲ್ಲವಂತೆ. ನಗುನಗುತ್ತಲೇ ಬೇಡ ಎಂದರಂತೆ, ಅತ್ತೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡರಂತೆ. ಹೋಗುವಾಗ, ಮಗಳೇ ಫೋನ್ ಮಾಡುವವರೆಗೆ ನೀವು ಮಾಡಬೇಡಿ ಎಂದರಂತೆ. ನಮ್ಮ ಕೈಯ ಒಂದು ಚೂರು ತಿನ್ನದವಳು ನಮ್ಮ ಮಗುವನ್ನು ಹೇಗೆ ಗುಣ ಮಾಡ್ತಾಳೆ ಎಂದು ಅತ್ತೆ ಫೋನಿನಲ್ಲಿ ಅತ್ತರು. ಎರಡು ದಿನ ಒಂದು ವಾರವಾಯಿತು. ಇಲ್ಲೇ ರತ್ನಾಕರರ ಅಕ್ಕನ ಮನೆಯಲ್ಲಿದ್ದೇನೆ, ಅವರಿಗೆ ಹುಷಾರಿಲ್ಲ, ಇನ್ನೊಂದು ವಾರ ಎಂದರು. ಹೌದು ಎಂದು ವಾರಿಜಕ್ಕನೂ ಸಾಕ್ಷಿ ಹೇಳಿದರು.

ನಾನೇನೂ ತಕರಾರು ಮಾಡಲಿಲ್ಲ. ಅತ್ತೆ ಹೋದ ಮರುದಿನವೇ ಬಡಗಿಯನ್ನು ಕರೆಸಿ ಮೂರೂ ಚಿಲಕ ಹಾಕಿಸಿದೆ. ಮಾವ ತಾವೇ ಚಹಾ ಮಾಡಿಕೊಳ್ಳಲು ಕಲಿತರು. ಅನುರಾಗ್ ಮಾತ್ರ ತಟ್ಟೆಯ ಮುಂದೆ ಕೂತು, ಸಾರು ಹೀಗಲ್ಲ ಎನ್ನುವಂತೆ ಮುಖ ಮಾಡುತ್ತಿದ್ದ. ಹಾಗಾದರೆ ನೀನೇ ಮಾಡು ಎಂದೆ.

ಡಿಸೆಂಬರ್ ಮೊದಲ ಗುರುವಾರ ಅಶ್ವಿತಾಳಿಂದ ಮೆಸೇಜು ಬಂತು. ಅಮ್ಮ ಯಾರ ಮನೆಯಲ್ಲೂ ಇಲ್ಲ, ಇಲ್ಲೇ ತಂಪಾನೂರಿನ ಒಂದು ಲಾಡ್ಜಿನಲ್ಲಿದ್ದಾರೆ, ಮೊದಲ ದಿನದಿಂದಲೂ. ಶನಿವಾರ ನೀವು ಬರಬೇಕು ಚೇಚಿ, ಅಣ್ಣನನ್ನು ಕರೆತರಬೇಡಿ. ಇಂಗ್ಲಿಷಿನಲ್ಲಿ ಬರೆದಿದ್ದಳು, ಅಕ್ಕ ಎನ್ನುವ ಚೇಚಿ ಒಂದು ಮಾತ್ರ ಮಲಯಾಳ. ಬೇರೆ ಏನೂ ಇರಲಿಲ್ಲ.

ಬೆಳಗಿನ ರೈಲಿಗೆ ಹೋಗಿ ಹನ್ನೆರಡೂವರೆಗೆ ಹಾಸ್ಟೆಲ್ ಮುಟ್ಟಿದೆ. ಗೇಟಿನ ಪಕ್ಕದ ಸ್ಟೂಲಿನ ಮೇಲೆ ಅರವತ್ತು ದಾಟಿದ ವಾಚ್‌ಮನ್ ಕೂತು ಊಟ ಮಾಡುತ್ತಿದ್ದ. ತೊಡೆಯ ಮೇಲಿದ್ದದ್ದು ನಮ್ಮ ಮನೆಯ ಸ್ಟೀಲ್ ಕ್ಯಾರಿಯರ್. ಮುಚ್ಚಳದ ಮೇಲೆ ಮಾವನ ಹೆಸರು ಕೊರೆದಿತ್ತು. ನಾನು ಅದನ್ನೇ ನೋಡುವುದನ್ನು ಕಂಡು ಅವನು ನಾಚಿ ಎದ್ದುನಿಂತ. ಅಷ್ಟರಲ್ಲಿ ಅಶ್ವಿತಾ ಇಳಿದು ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು, ಕೆನ್ನೆಯಲ್ಲಿ ಸ್ವಲ್ಪ ಮಾಂಸ ಬಂದಿತ್ತು. ಕೂತುಕೊಂಡು ತಿನ್ನಿ ವಿಲ್ಸನ್ ಚೇಟಾ ಎಂದು ಅವನಿಗೆ ಹೇಳಿ ನನ್ನನ್ನು ಒಳಗೆ ಕರೆದೊಯ್ದಳು.

ಕಥೆ ಇಷ್ಟೆ. ಅತ್ತೆ ಲಾಡ್ಜಿನ ಕೋಣೆಯಲ್ಲಿ ಕದ್ದು ಒಂದು ಕರೆಂಟ್ ಒಲೆ ಇಟ್ಟುಕೊಂಡಿದ್ದರು. ದಿನವೂ ಹನ್ನೆರಡಕ್ಕೆ ಆಟೋದಲ್ಲಿ ಬಂದು, ಮಗಳಿಗೆ ನಾನೆಂದು ಹೇಳಬೇಡ, ಮೆಸ್ಸಿನದು ಅನ್ನು ಎಂದು ವಿಲ್ಸನ್ ಕೈಗೆ ಕ್ಯಾರಿಯರ್ ಕೊಟ್ಟು ಹೋಗುತ್ತಿದ್ದರು. ಸಂಜೆ ಬಂದು ಖಾಲಿ ಡಬ್ಬಿ ಒಯ್ಯುತ್ತಿದ್ದರು. ವಿಲ್ಸನ್ ಮೊದಲ ದಿನವೇ ಎಲ್ಲವನ್ನೂ ಅಶ್ವಿತಾಳಿಗೆ ಹೇಳಿದ್ದ. ನೀವೇ ತಿನ್ನಿ, ತೊಳೆದುಕೊಡಿ ಎಂದು ಅವಳು ಹೇಳಿದ್ದಳು. ಹದಿನೈದು ದಿನಗಳಿಂದ ನಮ್ಮತ್ತೆಯ ಪ್ರೀತಿಯನ್ನೆಲ್ಲ ಉಂಡವನು ವಿಲ್ಸನ್. ಅವಳು ಮೆಸ್ಸಿನ ಮೀನುಸಾರಿನ ಪಕ್ಕದಲ್ಲಿ ಕೂತು, ಮೊಸರನ್ನವನ್ನು ತನ್ನ ಕೈಯಿಂದ ತಿನ್ನುತ್ತಿದ್ದಳು. ಕ್ಲಾಸಿಗೆ ಹೋಗುತ್ತಿದ್ದಳು. ಶನಿವಾರಗಳಂದು ನಿರ್ಮಲ ಮೇಡಂ ಹತ್ತಿರ ಹೋಗುತ್ತಿದ್ದಳು.

ಹೇಗೂ ನಡೆಯುತ್ತಿದೆಯಲ್ಲ, ಹಾಗೇ ಬಿಡು, ಬೇಸತ್ತು ಅವರೇ ಬರುತ್ತಾರೆ ಎಂದೆ.

"ಬೇಸರ ಬರುದಿಲ್ಲ ಚೇಚಿ. ಅಮ್ಮನಿಗೆ ಡಬ್ಬಿ ಖಾಲಿ ಬರ್ತಾ ಉಂಟಲ್ಲ," ಎಂದಳು. ತನ್ನ ಮುರುಕು ಕನ್ನಡದಲ್ಲಿ, ಒಂದೊಂದೇ ಶಬ್ದ ಆರಿಸಿಕೊಂಡು. "ನಾನೇ ಹೇಳ್ಬೇಕು. ಮೇಡಂ ಹತ್ತಿರ ಮಲಯಾಳದಲ್ಲಿ ಹತ್ತು ಸಲ ಹೇಳಿ ನೋಡಿದೆ. ಅಮ್ಮನಿಗೆ ಅದು ತಾಗುದಿಲ್ಲ. ಕನ್ನಡದಲ್ಲಿ ನನ್ನ ಹತ್ತಿರ ಶಬ್ದ ಇಲ್ಲ. ಅಮ್ಮ ಹೇಳಿಕೊಟ್ಟ ಶಬ್ದ ಮಾತ್ರ ಉಂಟು."

ನನ್ನ ತಾಯಿನುಡಿಯ ಭಾಷಣ ನೆನಪಾಗಿ ತಲೆ ತಗ್ಗಿಸಿದೆ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ನಾಲ್ಕು ವಾಕ್ಯ ಜೋಡಿಸಿದೆವು. ನಾನು ಹೇಳಿಕೊಟ್ಟ ಮೃದುವಾದ ಶಬ್ದಗಳನ್ನೆಲ್ಲ ಅವಳು ಬೇಡ ಎಂದಳು. ಬೇಜಾರು ಬೇಡ, ಕಷ್ಟ ಬೇಡ, ಹೇಸಿಗೆ ಅನ್ನುವುದಕ್ಕೆ ಬೇರೆ ಶಬ್ದ ಇಲ್ಲವಲ್ಲ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಲಾಡ್ಜು ಬಸ್ ಸ್ಟ್ಯಾಂಡಿನ ಎದುರಿಗಿತ್ತು. ಮೂರನೆಯ ಮಹಡಿ. ಬಾಗಿಲು ತೆರೆದ ಅತ್ತೆ ನನ್ನನ್ನು ನೋಡಲೇ ಇಲ್ಲ. ಮಗಳು ತಾನಾಗಿಯೇ ಬಂದಳೆಂದು ಅವರ ಮುಖವೆಲ್ಲ ಅರಳಿತು. ಒಳಗೆ ಸಾರಿನ ಒಗ್ಗರಣೆ, ಫಿನಾಯಿಲ್, ಒದ್ದೆ ಬಟ್ಟೆ ಎಲ್ಲ ಸೇರಿ ಒಂದು ವಾಸನೆ. ಕಿಟಕಿಯ ಸರಳಿಗೆ ಸೀರೆ ಒಣಹಾಕಿದ್ದರು. ಬಚ್ಚಲ ಬಾಗಿಲ ಪಕ್ಕದಲ್ಲೇ ಒಲೆ, ಅದರ ಪಕ್ಕದಲ್ಲಿ ಹಲ್ಲುಜ್ಜುವ ಬ್ರಶ್ಶು, ಅದರ ಪಕ್ಕದಲ್ಲಿ ತೆಂಗಿನಕಾಯಿಯ ಹೋಳು. ಐವತ್ತೆಂಟು ವರ್ಷದ, ಕೊಚ್ಚಿಯಲ್ಲಿ ಮೂರು ಕೋಣೆಯ ಮನೆ ಇರುವ ಹೆಂಗಸು ಹದಿನೈದು ದಿನ ಇದರಲ್ಲಿ ಸುಖವಾಗಿದ್ದರು. ಕರುಣೆ ಬರಬೇಕಿತ್ತು. ನನಗೆ ಬರಲಿಲ್ಲ.

ಕೂತುಕೊಳ್ಳಿ ಎಂದರು. ತಾವು ಉಣ್ಣಲು ಬಡಿಸಿಕೊಂಡಿದ್ದ ತಟ್ಟೆಗೆ ಇನ್ನೂ ಎರಡು ಸೌಟು ಅನ್ನ ಹಾಕಿದರು, ಸಾರು ಹೊಯ್ದರು, ಕಲಸತೊಡಗಿದರು. ಎಷ್ಟು ಸೊರಗಿದ್ದೀ ಎಂದರು, ಕೂದಲು ಯಾವ ಪಾಪಿ ಕತ್ತರಿಸಿದ್ದು ಎಂದರು. ಹಾಗೇ ಉಂಡೆ ಕಟ್ಟಿ ಕೈ ಎತ್ತಿದರು.

ಅಶ್ವಿತಾ ಬಾಗಿಲ ಹತ್ತಿರವೇ ನಿಂತಿದ್ದಳು.

"ಅಮ್ಮ, ನೀನು ಕೊಚ್ಚಿಗೆ ಹೋಗು. ದಿನಾ ಡಬ್ಬಿ ತಿಂದದ್ದು ನಾನಲ್ಲ, ವಿಲ್ಸನ್. ನಿನ್ನ ಕೈ ಕಂಡರೆ ನನಗೆ ಹೇಸಿಗೆ ಆಗ್ತದೆ. ನಾನು ಕರೆಯುವವರೆಗೆ ನೀನು ಬರಬಾರದು."

ನಾಲ್ಕೂ ವಾಕ್ಯ ಹೇಳಿದಳು. ಒಂದು ಶಬ್ದವೂ ಬಿಟ್ಟುಹೋಗಲಿಲ್ಲ.

ಅತ್ತೆ ಅಳುತ್ತಾರೆಂದುಕೊಂಡೆ, ಕಿರುಚುತ್ತಾರೆಂದುಕೊಂಡೆ. ಅವರು ಎರಡನ್ನೂ ಮಾಡಲಿಲ್ಲ. ಎತ್ತಿದ ಕೈಯನ್ನು ಇಳಿಸಲೂ ಇಲ್ಲ. ಸಾರು ಬೆರಳ ಸಂದಿಯಿಂದ ಇಳಿದು ಬಳೆಗಳನ್ನು ದಾಟಿ ಮೊಣಕೈಯಿಂದ ಮಂಚದ ಹಾಸಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಆಯ್ತು," ಎಂದರು. "ಕಲಸಿ ಆಗಿದೆ. ಇದೊಂದು ತುತ್ತು ತಿಂದು ಹೋಗು. ಮತ್ತೆ ನಾನು ಕೇಳುದಿಲ್ಲ."

ಅಶ್ವಿತಾಳ ಒಂದು ಕಾಲು ಹೊಸ್ತಿಲಿಂದ ಒಳಗೆ ಬಂತು. ನಾನು ಅದನ್ನು ಕಂಡೆ. ಆ ಒಂದು ತುತ್ತು ಬಾಯಿಗೆ ಹೋದರೆ ನಾಲ್ಕು ವಾಕ್ಯಗಳೂ ಅದರ ಜೊತೆಗೆ ಹೊಟ್ಟೆಗೆ ಇಳಿಯುತ್ತವೆ, ನಾಳೆ ಮಧ್ಯಾಹ್ನ ಮತ್ತೆ ಕ್ಯಾರಿಯರ್ ಬರುತ್ತದೆ, ಬಾಗಿಲುಗಳಿಂದ ಮತ್ತೆ ಚಿಲಕ ಕಳಚುತ್ತದೆ. ಅತ್ತೆಗೂ ಅದು ಗೊತ್ತಿತ್ತು. ಅವರ ಬಾಯಿ ಆಗಲೇ ಅರ್ಧ ತೆರೆದಿತ್ತು.

ನಾನು ಮಧ್ಯೆ ಹೋಗಿ ಮಂಚದ ಮೇಲೆ ಅವರ ಎದುರಿಗೆ ಕೂತೆ. ಯೋಚನೆ ಮಾಡಿ ಮಾಡಿದ್ದಲ್ಲ. ಅಶ್ವಿತಾ ಅವರಿಗೆ ಕಾಣದ ಹಾಗೆ ಕೂತು, ಬಾಯಿ ತೆರೆದೆ.

"ನನಗೆ ಕೊಡಿ ಅತ್ತೆ. ನಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅತ್ತೆ ನನ್ನನ್ನು ಆಗ ಮೊದಲ ಸಲ ನೋಡಿದರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಹಾಗೆ ಎಂದೂ ನೋಡಿರಲಿಲ್ಲ. ಉಂಡೆ ನನ್ನ ನಾಲಗೆಯ ಮೇಲೆ ಬಂತು, ಉಗುರುಬೆಚ್ಚಗೆ, ಅವರ ಬೆರಳ ಉಪ್ಪಿನ ಜೊತೆ. ತುಟಿಯ ಮೇಲೆ ಉಳಿದ ಅಗುಳನ್ನು ಅವರು ಹೆಬ್ಬೆರಳಿನಿಂದ ಒಳಗೆ ತಳ್ಳಿದರು. ಹಿಂದೆ ಅಶ್ವಿತಾಳ ಚಪ್ಪಲಿ ಮೆಟ್ಟಿಲಿಳಿಯುವ ಸದ್ದು ಕೇಳಿಸಿತು, ಮೂರನೆಯ ಮಹಡಿ, ಎರಡನೆಯದು, ಆಮೇಲೆ ಬಸ್ಸುಗಳ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

"ಅಗಿದು ತಿನ್ನು ಮಗಾ," ಎಂದರು ಅತ್ತೆ.

ನಾನು ನುಂಗಿದೆ. ಅವರು ಎರಡನೆಯ ತುತ್ತು ಕಲಸಿದರು.